ಹಳೆಯ ಮಿಲಿಟರಿ ಫೋನ್ ಕೈಗೆ ಬಂದರೆ: ಮೊದಲು ನೋಡಿ, ಆಮೇಲೆ ತಿರುಗಿಸಿ

"ಗುಜರಿಯಲ್ಲಿ ಒಂದು ಹಳೆಯ ಮಿಲಿಟರಿ ಫೋನ್ ಸಿಕ್ಕಿದೆ. ಪಕ್ಕದಲ್ಲಿ ಹ್ಯಾಂಡಲ್ ಇದೆ, ತಿರುಗಿಸಿದರೆ ಕೈಗೆ ಶಾಕ್ ಹೊಡೆಯಿತು. ಇದು ಯಾವ ಕಾಲದ್ದು? ಕೆಲಸ ಮಾಡುತ್ತಾ? ಬೆಲೆ ಎಷ್ಟು?" ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಚೂರುಚೂರು ಉತ್ತರ ಕೊಡುವ ಬದಲು ಒಂದೇ ಕಡೆ ಪೂರ್ತಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಫೋನುಗಳು ಮಳೆ, ಕೆಸರು, ಲಾರಿಯ ಕುಲುಕಾಟ ಎಲ್ಲವನ್ನೂ ತಡೆದುಕೊಳ್ಳಲೆಂದೇ ಮಾಡಿದವು. ಎಂಬತ್ತು ವರ್ಷ ಉಳಿದುಬಂದ ಫೋನ್ ಹಾಳಾಗುವುದು ಬಹುಪಾಲು ಹೊಸ ಮಾಲೀಕರ ಕೈಯಲ್ಲಿ, ಅದೂ ಮೊದಲ ದಿನವೇ. ಉತ್ಸಾಹದಲ್ಲಿ ಹ್ಯಾಂಡಲ್ ತಿರುಗಿಸುತ್ತಾರೆ, ಸೆಲ್ ಹಾಕುತ್ತಾರೆ, ಬ್ರಾಸೊ ಪಾಲಿಶ್ ಹಾಕಿ ಉಜ್ಜುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ಬದಲಿಸಬೇಡಿ.

ಈ ಫೋನ್ ಕೆಲಸ ಮಾಡುವುದು ಹೇಗೆ?

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಮನೆಯ ಲ್ಯಾಂಡ್‌ಲೈನ್‌ಗೆ ವಿದ್ಯುತ್ ಬರುವುದು ಎಕ್ಸ್‌ಚೇಂಜಿನಿಂದ. ಯುದ್ಧಭೂಮಿಯಲ್ಲಿ ಆ ಅನುಕೂಲ ಇರುವುದಿಲ್ಲ. ಆದ್ದರಿಂದ ಫೀಲ್ಡ್ ಟೆಲಿಫೋನ್ (ಈ ಮಿಲಿಟರಿ ಫೋನಿನ ಹೆಸರೇ ಅದು) ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತುಕೊಂಡಿರುತ್ತದೆ. ಮಾತಿಗೆ ಬೇಕಾದ ಕರೆಂಟ್ ಒಳಗಿನ ಒಂದೆರಡು ಸೆಲ್‌ಗಳಿಂದ ಬರುತ್ತದೆ. ಈ ಪದ್ಧತಿಗೆ 'ಲೋಕಲ್ ಬ್ಯಾಟರಿ' ಎನ್ನುತ್ತಾರೆ. ಆ ಕಡೆಯ ಫೋನಿನ ಗಂಟೆ ಬಾರಿಸಲು ಹ್ಯಾಂಡಲ್ ತಿರುಗಿಸಬೇಕು. ಹ್ಯಾಂಡಲಿನ ಹಿಂದೆ ಪುಟ್ಟ ಜನರೇಟರ್ ಇದೆ, ಅದರ ಹೆಸರು 'ಮ್ಯಾಗ್ನೆಟೊ'. ಲಾಳದ ಆಕಾರದ ಆಯಸ್ಕಾಂತಗಳ ನಡುವೆ ತಂತಿ ಸುತ್ತಿದ ಕಬ್ಬಿಣದ ತುಂಡು ತಿರುಗುತ್ತದೆ. ಸೆಕೆಂಡಿಗೆ ಮೂರು ಸುತ್ತಿನಂತೆ ತಿರುಗಿಸಿದರೆ 60ರಿಂದ 100 ವೋಲ್ಟ್‌ವರೆಗೂ ಎಸಿ ಕರೆಂಟ್ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್) ಹುಟ್ಟುತ್ತದೆ. ನಿಮ್ಮ ಕೈಗೆ ಹೊಡೆದದ್ದು ಇದೇ.

ಮೈಕಿನೊಳಗೆ ಇಂಗಾಲದ ಸಣ್ಣ ಹರಳುಗಳಿರುತ್ತವೆ. ದನಿಯ ಒತ್ತಡಕ್ಕೆ ಆ ಹರಳುಗಳು ಒತ್ತಿ ಸಡಿಲವಾಗುತ್ತಾ ಹೋದಂತೆ ಕರೆಂಟು ಏರಿಳಿಯುತ್ತದೆ. ಆ ಏರಿಳಿತವನ್ನು 'ಇಂಡಕ್ಷನ್ ಕಾಯಿಲ್' ಎಂಬ ಸುರುಳಿ ಲೈನಿಗೆ ದಾಟಿಸುತ್ತದೆ. ಆ ಕಡೆಯ ರಿಸೀವರ್ (ಹ್ಯಾಂಡ್‌ಸೆಟ್‌ನಲ್ಲಿ ಕಿವಿಗೆ ಹಿಡಿಯುವ ಭಾಗ) ಅದನ್ನು ಮತ್ತೆ ದನಿಯಾಗಿಸುತ್ತದೆ. ಹ್ಯಾಂಡ್‌ಸೆಟ್‌ನ ಮಧ್ಯದಲ್ಲಿ ಒತ್ತುವ ಗುಂಡಿ ಇದ್ದರೆ, ಮಾತಾಡುವಾಗ ಅದನ್ನು ಒತ್ತಿ ಹಿಡಿಯಬೇಕು. ಒತ್ತಿದಾಗ ಮಾತ್ರ ಮೈಕಿಗೆ ಕರೆಂಟ್ ಹೋಗುವುದರಿಂದ ಸೆಲ್ ಉಳಿಯುತ್ತದೆ. "ಕೇಳಿಸುತ್ತೆ, ಆದರೆ ನಾವು ಮಾತಾಡಿದ್ದು ಆ ಕಡೆ ಕೇಳಿಸಲ್ಲ" ಎಂದು ದೂರುವವರಲ್ಲಿ ಎಷ್ಟೋ ಜನ ಈ ಗುಂಡಿಯನ್ನು ಒತ್ತಿರುವುದೇ ಇಲ್ಲ.

ಮೊದಲ ಮಹಾಯುದ್ಧದ ಫೋನುಗಳಲ್ಲಿ ಹಲವು ಇದಕ್ಕಿಂತ ಬೇರೆ. ಅವುಗಳಲ್ಲಿ ಹ್ಯಾಂಡಲ್ ಬದಲು 'ಬಜರ್' ಇರುತ್ತಿತ್ತು. ಸೆಲ್ಲಿನ ಕರೆಂಟನ್ನು ಪಟಪಟನೆ ಕಡಿದು ಜೋಡಿಸಿ 'ಗುಂಯ್' ಎಂಬ ದನಿ ಹೊರಡಿಸುವ ಸಾಧನ ಅದು. ಅದರಿಂದ ಮೋರ್ಸ್ ಸಂಕೇತವನ್ನೂ (ಉದ್ದ, ಗಿಡ್ಡ ದನಿಗಳಲ್ಲಿ ಅಕ್ಷರ ತಿಳಿಸುವ ಪದ್ಧತಿ) ಕಳಿಸಬಹುದಿತ್ತು. ಆಗ ಒಂದೇ ತಂತಿ ಎಳೆದು, ವಾಪಸು ದಾರಿಗೆ ನೆಲವನ್ನೇ ಬಳಸುತ್ತಿದ್ದದ್ದು ಸಾಮಾನ್ಯ. ಅದರಿಂದ ಬ್ರಿಟಿಷರಿಗೆ ದೊಡ್ಡ ಪೆಟ್ಟು ಬಿತ್ತು. ಫ್ರಾನ್ಸಿನ ಕಂದಕಗಳಲ್ಲಿ ಜರ್ಮನ್ನರು ನೆಲಕ್ಕೆ ಗೂಟ ಹೊಡೆದು, ಆಂಪ್ಲಿಫಯರ್ ಹಚ್ಚಿ, ಎದುರಾಳಿಯ ಮಾತು ಕದ್ದು ಕೇಳುತ್ತಿದ್ದರು. ಇದಕ್ಕೆ ಉತ್ತರವಾಗಿ 1915ರಲ್ಲಿ ಕ್ಯಾಪ್ಟನ್ ಫುಲ್ಲರ್ ಎಂಬ ಬ್ರಿಟಿಷ್ ಅಧಿಕಾರಿ ಮೋರ್ಸ್ ಸಂಕೇತ ಕಳಿಸುವ 'ಫುಲ್ಲರ್‌ಫೋನ್' ರೂಪಿಸಿದರು. ಅದು ಲೈನಿನಲ್ಲಿ ಬಹಳ ಸಣ್ಣ ಡಿಸಿ ಕರೆಂಟ್ (ಒಂದೇ ದಿಕ್ಕಿನ ವಿದ್ಯುತ್) ಮಾತ್ರ ಕಳಿಸುತ್ತಿದ್ದರಿಂದ ಹೊರಗಿನಿಂದ ಕದ್ದು ಕೇಳುವುದು ಅಸಾಧ್ಯವೆನ್ನುವಷ್ಟು ಕಷ್ಟವಾಯಿತು. ಮೋರ್ಸ್ ಕೀಲಿ ಇರುವ, ಹ್ಯಾಂಡಲ್ ಇಲ್ಲದ ಪೆಟ್ಟಿಗೆ ಎಲ್ಲಾದರೂ ಕಂಡರೆ ಅಸಡ್ಡೆ ಮಾಡಬೇಡಿ. ನೂರು ವರ್ಷ ದಾಟಿದ ವಸ್ತು ಇರಬಹುದು.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಚಪ್ಪಟೆ ಸ್ಕ್ರೂಡ್ರೈವರ್‌ಗಳು, ಟಾರ್ಚು, ಭೂತಗನ್ನಡಿ, ಮೆತ್ತನೆ ಬ್ರಶ್, ಹತ್ತಿ ಬಟ್ಟೆ, ರಬ್ಬರ್ ಗ್ಲೌಸ್, ಮಾಸ್ಕ್, ಹೊಲಿಗೆ ಯಂತ್ರದ ಎಣ್ಣೆ, ಹಳೆಯ ಬಗೆಯ ಒಂದು ನಿಯಾನ್ ಇಂಡಿಕೇಟರ್ ಲ್ಯಾಂಪು. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಜೊತೆಗೆ ಒಂದು ನೋಟ್‌ಬುಕ್ ಇರಲಿ. ಅದನ್ನು ಮರೆತವರೇ ಜಾಸ್ತಿ.

ಹಂತ 1: ಕೊಳ್ಳುವ ಮೊದಲು ಪರೀಕ್ಷಿಸಿ

ಅಂಗಡಿಯಲ್ಲಿ, ಸಂತೆಯಲ್ಲಿ ನಿಂತುಕೊಂಡೇ ನೋಡಬೇಕಾದ್ದು ಒಂದೇ: ಎಲ್ಲ ಭಾಗಗಳೂ ಇವೆಯೇ? ಹ್ಯಾಂಡ್‌ಸೆಟ್, ಅದರ ಕಾರ್ಡು (ಪೆಟ್ಟಿಗೆಗೆ ಜೋಡಿಸುವ ತಂತಿ), ಹ್ಯಾಂಡಲ್, ಎರಡು ಲೈನ್ ಟರ್ಮಿನಲ್ (ತಂತಿ ಸಿಕ್ಕಿಸುವ ತಿರುಪು), ಸೆಲ್ ಗೂಡಿನ ಮುಚ್ಚಳ, ಹೊರಚೀಲ, ಭುಜದ ಪಟ್ಟಿ. ಹ್ಯಾಂಡ್‌ಸೆಟ್‌ನ ಎರಡೂ ತುದಿಯ ಮುಚ್ಚಳ ಬಿಚ್ಚಲು ಬಂದರೆ ಬಿಚ್ಚಿ ನೋಡಿ. ಮೈಕ್ ಮತ್ತು ರಿಸೀವರ್ ಕ್ಯಾಪ್ಸೂಲ್‌ಗಳನ್ನು (ಒಳಗೆ ಕೂರುವ ಬಿಲ್ಲೆಗಳು) ಯಾರೋ ತೆಗೆದುಕೊಂಡು ಖಾಲಿ ಚಿಪ್ಪು ಮಾರುವುದು ಸಾಮಾನ್ಯ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸ ಮಾಡದ, ಕೊಳೆಯಾದ, ಆದರೆ ಪೂರ್ತಿ ಇರುವ ಫೋನ್ ಕೊಳ್ಳಿ. ಹೊಳೆಯುವ, ಹೊಸ ಪೇಂಟು ಬಳಿದ, ಒಳಗೆ ಏನಿದೆಯೋ ಗೊತ್ತಿಲ್ಲದ ಫೋನ್ ಬಿಡಿ. ಹಸಿರು ಸ್ಪ್ರೇ ಪೇಂಟಿನ ಕೆಳಗೆ ಮುದ್ರೆಗಳು, ಇಸವಿಗಳು ಮುಚ್ಚಿಹೋಗಿರುತ್ತವೆ. ಅವು ಮತ್ತೆ ಬರುವುದಿಲ್ಲ. ಕಪ್ಪು ಬೇಕಲೈಟ್ (ಹಳೆಯ ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಬೆಲೆ ಅರ್ಧಕ್ಕರ್ಧ ಇಳಿಸಿ ಕೇಳಿ. ಬಿರುಕು ಹೆಚ್ಚಾಗಿ ಇರುವುದು ಮುಚ್ಚಳದ ಕೀಲಿನ ಹತ್ತಿರ ಮತ್ತು ಮೂಲೆಗಳಲ್ಲಿ.

ಬಿಲ್ ಅಥವಾ ರಸೀದಿ ಕೇಳಿ. ಸೇನೆಯ ಸಾಮಾನು ಹರಾಜಿನ ಮೂಲಕ ಗುಜರಿಗೆ ಬರುತ್ತದೆ, ನಿಜ. ಆದರೂ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕಾಗದ ಇರುವುದು ಒಳ್ಳೆಯದು. ಭಾರತೀಯ ಸೇನೆಯ ಇತ್ತೀಚಿನ ಸಾಮಾನು ಅನ್ನಿಸಿದರೆ, ಕಾಗದವಿಲ್ಲದೆ ಕೊಳ್ಳಲೇಬೇಡಿ.

ಹಂತ 2: ಗುರುತು ಓದಿ

ಈ ಹವ್ಯಾಸದ ಅರ್ಧ ಖುಷಿ ಇಲ್ಲೇ ಇದೆ. ಮನೆಗೆ ತಂದ ಕೂಡಲೇ ಒರೆಸಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಮೈ ನೋಡಿ. ನೇರ ಬೆಳಕಲ್ಲಿ ಕಾಣದ ಅಚ್ಚು ಓರೆ ಬೆಳಕಲ್ಲಿ ಎದ್ದು ಕಾಣುತ್ತದೆ. ಕಂಡದ್ದನ್ನೆಲ್ಲ ಹಾಗೇ ಬರೆದುಕೊಳ್ಳಿ, ಫೋಟೊ ತೆಗೆಯಿರಿ.

ಭಾರತದಲ್ಲಿ ಕಣ್ಣಿಗೆ ಬೀಳಬಹುದಾದ ವಿದೇಶಿ ಫೋನ್ ಎಂದರೆ ಅಮೆರಿಕದ ಇಇ-8. ಚರ್ಮದ ಅಥವಾ ಕ್ಯಾನ್ವಾಸಿನ ಚೀಲದೊಳಗೆ ಇರುತ್ತದೆ, ನಾಲ್ಕೂವರೆ ಕೆಜಿ ಆಸುಪಾಸು ತೂಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಎಲ್ಲ ಕಡೆ ಇದನ್ನೇ ಬಳಸಿತು. ಕೊರಿಯಾ ಯುದ್ಧದಲ್ಲೂ ಇತ್ತು, ವಿಯೆಟ್ನಾಂನ ಮೊದಲ ವರ್ಷಗಳಲ್ಲೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಂ, ಬರ್ಮಾ ಗಡಿಯಲ್ಲಿ ಅಮೆರಿಕದ ಪಡೆಗಳಿದ್ದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವರ ವಿಮಾನಗಳು ರಿಪೇರಿಯಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಉಳಿದ ಸಾಮಾನು ಇಲ್ಲೇ 'ಡಿಸ್ಪೋಸಲ್ಸ್' ಸರಕಾಗಿ ವಿಲೇವಾರಿಯಾಯಿತು. ಹಾಗಾಗಿ ನಮ್ಮ ಗುಜರಿಯಲ್ಲಿ ಒಂದು ಇಇ-8 ಕಂಡರೆ ಅದರಲ್ಲಿ ಅಚ್ಚರಿ ಏನಿಲ್ಲ.

ಇಇ-8ರ ಚರ್ಮದ ಚೀಲ ಮೊದಲಿನದು, ಕ್ಯಾನ್ವಾಸ್ ನಂತರದ್ದು. ಲೋಹದ ಪಟ್ಟಿಯಲ್ಲಿ 'ಸಿಗ್ನಲ್ ಕೋರ್, ಯು.ಎಸ್. ಆರ್ಮಿ' ಎಂದೂ ತಯಾರಕರ ಹೆಸರೂ ಆರ್ಡರ್ ಸಂಖ್ಯೆಯೂ ಇರುತ್ತವೆ. ಆರ್ಡರ್ ಸಂಖ್ಯೆಯ ಮಧ್ಯೆ ಫಿಲಡೆಲ್ಫಿಯಾದ ಚುಟುಕು 'ಫಿಲಾ' ಇದ್ದು, ಕೊನೆಗೆ 42 ಅಥವಾ 43 ಅಂತ ಎರಡಂಕಿ ಇದ್ದರೆ ಅದು ಆರ್ಡರ್ ಕೊಟ್ಟ ಹಣಕಾಸು ವರ್ಷ. ಒಳಗಡೆ 'ಎಂ.ಎಫ್.ಪಿ.' ಎಂಬ ಮುದ್ರೆಯೂ ತಾರೀಖೂ ಕಂಡರೆ, ತೇವ ಮತ್ತು ಬೂಷ್ಟು ತಡೆಯುವ ವಾರ್ನಿಶ್ ಬಳಿದಿದ್ದಾರೆ ಎಂದರ್ಥ. ಉಷ್ಣವಲಯದ ಕಾಡುಗಳಲ್ಲಿ ಫೋನು ಬೂಷ್ಟು ಹಿಡಿದು ಹಾಳಾಗುತ್ತಿದ್ದುದಕ್ಕೆ ಮಾಡಿದ ಉಪಾಯ ಅದು. ಆ ವಾರ್ನಿಶ್‌ನಲ್ಲಿ ಬೂಷ್ಟು ಕೊಲ್ಲುವ ವಿಷ ಇದೆ. ಕೆರೆಯಬೇಡಿ, ಬಿಸಿ ಮಾಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಜರ್ಮನಿಯ ಎಫ್‌ಎಫ್ 33 ಬೇಕಲೈಟ್ ಪೆಟ್ಟಿಗೆ. ಹೆಸರಿನ 33 ಎಂದರೆ 1933. ಮುಚ್ಚಳದ ಒಳಮೈಯಲ್ಲಿ ಅಕ್ಷರ ಹೇಳಲು ಬಳಸುವ ಪಟ್ಟಿ (ಎ ಅಂದರೆ ಆಂಟನ್, ಬಿ ಅಂದರೆ ಬೆರ್ಟಾ ಹೀಗೆ) ಅಂಟಿಸಿರುತ್ತಾರೆ. ಅದು ಉಳಿದಿದ್ದರೆ ಫೋನಿನ ಬೆಲೆ ಏರುತ್ತದೆ. ಎಚ್ಚರ ಬೇಕಾದ್ದೂ ಈ ಮಾದರಿಯಲ್ಲೇ. ಯುದ್ಧದ ನಂತರವೂ ಬೇರೆ ಬೇರೆ ದೇಶಗಳ ಸೇನೆಗಳು ಇಂಥ ಫೋನ್ ಬಳಸಿದವು. ಅಂಥ ಸಾಧಾರಣ ಪೆಟ್ಟಿಗೆಗೆ ಹದ್ದಿನ ಮುದ್ರೆ (ನಾಜಿ ಕಾಲದ ಜರ್ಮನಿಯ ಗುರುತು) ಒತ್ತಿ ಯುದ್ಧಕಾಲದ್ದೆಂದು ಮಾರುವವರಿದ್ದಾರೆ. ಮುದ್ರೆಯ ಅಂಚು ಚೂಪಾಗಿ ಹೊಸದಾಗಿದ್ದು, ಸುತ್ತಲಿನ ಮೈ ಸವೆದಿದ್ದರೆ ಅನುಮಾನ ಪಡಿ. ಪೆಟ್ಟಿಗೆ, ಹ್ಯಾಂಡ್‌ಸೆಟ್, ಮ್ಯಾಗ್ನೆಟೊ ಮೂರರ ಮೇಲೂ ಇಸವಿ ಹುಡುಕಿ, ಒಂದಕ್ಕೊಂದು ಹೊಂದುತ್ತದೆಯೇ ನೋಡಿ. ಒಂದೆರಡು ವರ್ಷ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಸೇನೆಯ ವರ್ಕ್‌ಶಾಪುಗಳಲ್ಲಿ ಭಾಗ ಬದಲಾಯಿಸುತ್ತಲೇ ಇದ್ದರು. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ನಾಜಿ ಲಾಂಛನವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಪರಾಧ. ಫೋಟೊ ಹಾಕುವಾಗ ಆ ಭಾಗ ಮುಚ್ಚಿಯೇ ಹಾಕಿ.

ಸೋವಿಯತ್ ಟಿಎಐ-43 ಕಂಡರೆ ಎಫ್‌ಎಫ್ 33ರ ತಮ್ಮನಂತೆ ಇರುತ್ತದೆ. ಜರ್ಮನ್ ಫೋನ್ ನೋಡಿಯೇ 1943ರಲ್ಲಿ ರೂಪಿಸಿದ್ದು ಅದು. ನಂತರ ಬಂದ ಟಿಎ-57 ಎಷ್ಟು ಗಟ್ಟಿಯೆಂದರೆ ಈಗಿನ ಯುಕ್ರೇನ್ ಯುದ್ಧದಲ್ಲೂ ಬಳಕೆಯಲ್ಲಿದೆ. ರೇಡಿಯೊ ಸಂಕೇತ ಹಿಡಿದು ಜಾಗ ಪತ್ತೆ ಮಾಡುವ ಕಾಲದಲ್ಲಿ ತಂತಿಯ ಫೋನ್ ಗಾಳಿಯಲ್ಲಿ ಸಂಕೇತ ಬಿಡುವುದಿಲ್ಲ ಅನ್ನುವುದೇ ಅದಕ್ಕೆ ಕಾರಣ.

ಬ್ರಿಟಿಷ್ ಸಾಮಾನಿನ ಮೇಲೆ ಮೂರು ಗೆರೆಯ ಬಾಣದ ಗುರುತು ಇರುತ್ತದೆ. ಅದು ಸರ್ಕಾರದ ಸ್ವತ್ತಿನ ಮುದ್ರೆ. ಬಾಣ ಇಂಗ್ಲಿಷಿನ ಸಿ ಅಕ್ಷರದೊಳಗೆ ಇದ್ದರೆ ಕೆನಡಾದ್ದು. ಜೊತೆಗೆ ಐ ಅಕ್ಷರ ಇದ್ದರೆ ಬ್ರಿಟಿಷ್ ಇಂಡಿಯಾದ್ದು, ಅಂದರೆ ನಮ್ಮ ನೆಲದಲ್ಲೇ ಸೇವೆಗೆ ಸೇರಿದ್ದು. ಇಂಥದ್ದು ಸಿಕ್ಕರೆ ಇನ್ನೂ ಜೋಪಾನ ಮಾಡಿ. ನಮ್ಮ ಸಂಗ್ರಾಹಕರು ಜರ್ಮನ್ ಹದ್ದಿನ ಹಿಂದೆ ಬೀಳುವಷ್ಟು ಐ ಬಾಣದ ಹಿಂದೆ ಬೀಳುವುದಿಲ್ಲ. ಇದು ನನಗೆ ಬೇಸರದ ಸಂಗತಿ.

ಹಂತ 3: ತೆರೆಯುವುದು, ಸೆಲ್ ಗೂಡು ನೋಡುವುದು

ಪ್ರತಿ ಸ್ಕ್ರೂ ತೆಗೆಯುವ ಮೊದಲು ಒಂದು ಫೋಟೊ. ತೆಗೆದ ಸ್ಕ್ರೂಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕಿ. ಸ್ಕ್ರೂ ಬಿಗಿದು ಕೂತಿದ್ದರೆ ಬಲ ಹಾಕಬೇಡಿ. ಒಂದು ಹನಿ ಎಣ್ಣೆ ಬಿಟ್ಟು ಮಾರನೇ ದಿನ ಪ್ರಯತ್ನಿಸಿ.

ಒಳಗಿನ ತಂತಿಗಳಿಗೆ ಬಟ್ಟೆ ಅಥವಾ ರಬ್ಬರ್ ಹೊದಿಕೆ ಇರುತ್ತದೆ. ಹಳೆಯ ರಬ್ಬರ್ ಒಣಗಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಬಗ್ಗಿಸಬೇಡಿ, ಎತ್ತಿ ನೋಡಬೇಡಿ. ಹೊದಿಕೆ ಉದುರಿದ ಜಾಗ ಎಲ್ಲಿ ಅಂತ ಗುರುತು ಮಾಡಿಕೊಂಡರೆ ಸಾಕು.

ಸೆಲ್ ಗೂಡಿನಲ್ಲಿ ಹಳೆಯ ಸೆಲ್ ಸೋರಿ ಗಟ್ಟಿಯಾಗಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಇಲ್ಲಿ ಎಲ್ಲರೂ ಒಂದೇ ಮದ್ದು ಹಚ್ಚಲು ಹೋಗಿ ಎಡವುತ್ತಾರೆ. ಹಳೆಯ ಕಾಲದ ಸಾಧಾರಣ ಟಾರ್ಚ್ ಸೆಲ್ (ಜಿಂಕ್ ಕಾರ್ಬನ್) ಸೋರಿದರೆ ಅದು ಆಮ್ಲದ ಗುಣದ್ದು. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸರಿ. ಇತ್ತೀಚಿನ ಆಲ್ಕಲೈನ್ ಸೆಲ್ ಸೋರಿದರೆ ಅದು ಕ್ಷಾರ. ಅದಕ್ಕೆ ಸೋಡಾ ಹಾಕಿದರೆ ಏನೂ ಪ್ರಯೋಜನವಿಲ್ಲ. ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸವನ್ನು ಹತ್ತಿಯ ಕಡ್ಡಿಯಲ್ಲಿ ಹಚ್ಚಿ. ಯಾವುದನ್ನೇ ಹಚ್ಚಿದರೂ ಆಮೇಲೆ ಸಾದಾ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಹಿತ್ತಾಳೆ ಪಟ್ಟಿಗೆ ಹಿಡಿದ ಹಸಿರು ಕಿಲುಬನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಉಪ್ಪು ಕಾಗದ (ಸ್ಯಾಂಡ್ ಪೇಪರ್) ಬೇಡ. ಸೋರಿದ ಸೆಲ್ ಒಳಗೇ ಕಚ್ಚಿಕೊಂಡಿದ್ದರೆ ಬಲವಂತವಾಗಿ ಎಳೆಯಬೇಡಿ, ಸುತ್ತಲಿನ ಉಪ್ಪನ್ನು ಒಂದೆರಡು ದಿನ ಸ್ವಲ್ಪ ಸ್ವಲ್ಪವೇ ಕರಗಿಸಿ.

ಇನ್ನೊಂದು ದೊಡ್ಡ ತಪ್ಪು: ಮ್ಯಾಗ್ನೆಟೊ ಬಿಚ್ಚುವುದು. ದಯವಿಟ್ಟು ಬಿಚ್ಚಬೇಡಿ. ಹಳೆಯ ಉಕ್ಕಿನ ಆಯಸ್ಕಾಂತಗಳ ನಡುವಿಂದ ತಿರುಗುವ ಕಬ್ಬಿಣದ ತುಂಡನ್ನು ಹೊರತೆಗೆದರೆ ಅವುಗಳ ಶಕ್ತಿ ಕುಂದುತ್ತದೆ. ಮತ್ತೆ ಜೋಡಿಸಿದರೂ ಮೊದಲಿನಂತೆ ಆಗುವುದಿಲ್ಲ. ರಿಸೀವರಿನ ಒಳಗಿನ ಆಯಸ್ಕಾಂತಕ್ಕೂ ಇದೇ ಮಾತು.

ಹಂತ 4: ಮೀಟರ್ ಹಿಡಿದು ಅಳೆಯುವುದು

ಫೋನಿನಲ್ಲಿ ಸೆಲ್ ಇರಬಾರದು, ಲೈನಿಗೆ ಏನೂ ಜೋಡಿಸಿರಬಾರದು. ಮಲ್ಟಿಮೀಟರನ್ನು ಓಮ್‌ಗೆ ಇಡಿ (ಓಮ್ ಎಂದರೆ ಕರೆಂಟಿಗೆ ಆಗುವ ತಡೆಯ ಅಳತೆ). ಮೀಟರ್ ಓಮ್‌ನಲ್ಲಿ ಇರುವಾಗ ಯಾರೂ ಹ್ಯಾಂಡಲ್ ಮುಟ್ಟಬಾರದು. ಒಂದೇ ಸುತ್ತಿಗೆ ಮೀಟರ್ ಸುಟ್ಟುಹೋಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರು ಶಾಲೆಗೆ ಹೋದಾಗ ಮಾಡಿ.

ಮಾದರಿಯಿಂದ ಮಾದರಿಗೆ ಅಳತೆ ಬದಲಾಗುತ್ತದೆ. ಆದರೂ ಒಂದು ಅಂದಾಜು ಕೊಡುತ್ತೇನೆ. ಗಂಟೆಯ ಸುರುಳಿ ಕೆಲವು ನೂರರಿಂದ ಕೆಲವು ಸಾವಿರ ಓಮ್ ತೋರಿಸಬೇಕು. ಮ್ಯಾಗ್ನೆಟೊ ಸುರುಳಿ ಕೆಲವು ನೂರು. ರಿಸೀವರ್ ಹತ್ತಾರು ಓಮ್‌ನಿಂದ ನೂರಿನ್ನೂರು. ರಿಸೀವರಿಗೆ ಮೀಟರ್ ತಾಗಿಸಿದ ಕ್ಷಣ ಸಣ್ಣಗೆ 'ಟಿಕ್' ಎಂದು ಕೇಳಿದರೆ ಅದು ಜೀವಂತ ಇದೆ. ಇಂಗಾಲದ ಮೈಕ್ ಹತ್ತಾರು ಓಮ್‌ನಿಂದ ಕೆಲವು ನೂರು ತೋರಿಸುತ್ತದೆ, ಅಲ್ಲಾಡಿಸಿದಾಗ ಅಂಕಿ ಓಡಾಡಬೇಕು. ಅಲ್ಲಾಡಿಸಿದರೂ ಅಂಕಿ ನಿಂತಲ್ಲೇ ನಿಂತಿದ್ದರೆ ಹರಳುಗಳು ಕಚ್ಚಿಕೊಂಡಿವೆ.

ಅಳತೆ 'ಓಪನ್' (ಕರೆಂಟಿನ ದಾರಿ ಎಲ್ಲೋ ಕಡಿದಿದೆ) ಎಂದು ಬಂದರೆ ಗಾಬರಿ ಬೇಡ. ಮೊದಲು ಹ್ಯಾಂಡ್‌ಸೆಟ್‌ನ ಕಾರ್ಡನ್ನು ಸಂಶಯಿಸಿ. ಹಳೆಯ ಕಾರ್ಡಿನೊಳಗೆ ತಂತಿ ತುಂಡಾಗುವುದು ಎರಡೂ ತುದಿಗಳಲ್ಲಿ, ಬಗ್ಗುವ ಜಾಗದಲ್ಲಿ. ಇನ್ನೊಂದು ಸಂಗತಿ: ಕೆಲವು ಮಾದರಿಗಳಲ್ಲಿ ಹ್ಯಾಂಡಲ್ ನಿಂತಿರುವಾಗ ಮ್ಯಾಗ್ನೆಟೊ ಲೈನಿನಿಂದ ತಾನೇ ಬೇರ್ಪಟ್ಟಿರುತ್ತದೆ. ತಿರುಗಿಸಿದಾಗ ಒಂದು ಸ್ಪ್ರಿಂಗ್ ಪಟ್ಟಿ ಅದನ್ನು ಜೋಡಿಸುತ್ತದೆ. ಆದ್ದರಿಂದ ಲೈನ್ ಟರ್ಮಿನಲ್‌ನಲ್ಲಿ ಮ್ಯಾಗ್ನೆಟೊ ಕಾಣಿಸಲಿಲ್ಲ ಎಂದು ಅದನ್ನು ಕೆಟ್ಟಿದೆ ಅಂದುಕೊಳ್ಳಬೇಡಿ. ಅಳತೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆಯಿರಿ.

ಇಇ-8ಕ್ಕೆ ಅಮೆರಿಕದ ಸೇನೆ ಹೊರತಂದ ಟಿಎಂ 11-333 ಎಂಬ ಕೈಪಿಡಿ ಇದೆ. ವೈರಿಂಗ್ ಚಿತ್ರಕ್ಕೆ ಅದನ್ನು ನೋಡಿ.

ಹಂತ 5: ಈಗ ಹ್ಯಾಂಡಲ್ ತಿರುಗಿಸಿ

ಅಂತೂ ಇಲ್ಲಿಗೆ ಬಂದೆವು. ಮೊದಲು ಹ್ಯಾಂಡಲ್ ತಿರುಗಿಸುವ ಅಚ್ಚಿನ (ನಡುವಿನ ದಂಡ) ಎರಡೂ ಕಡೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗಿ ಗಟ್ಟಿಯಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ, ಅದು ಸುರುಳಿ ಮತ್ತು ಸಂಪರ್ಕ ಪಟ್ಟಿಗಳಿಗೆಲ್ಲ ಹರಡುತ್ತದೆ. ನಿಧಾನಕ್ಕೆ ಅರ್ಧ ಸುತ್ತು ತಿರುಗಿಸಿ. ಹಳೆಯ ಗ್ರೀಸ್ ಗಟ್ಟಿಯಾಗಿದ್ದರೆ ಬಿಡಿ, ಒಂದು ದಿನ ಕಾಯಿರಿ. ಬಲ ಹಾಕಿದರೆ ಗೇರಿನ ಹಲ್ಲು ಮುರಿಯುತ್ತದೆ.

ಸಲೀಸಾಗಿ ತಿರುಗಿತೇ? ಈಗ ಮೀಟರ್ ಇಲ್ಲದೆ ಮಾಡುವ ಒಂದು ಸೊಗಸಾದ ಪರೀಕ್ಷೆ. ಟರ್ಮಿನಲ್‌ಗಳಿಗೆ ಏನೂ ಜೋಡಿಸದೆ ತಿರುಗಿಸಿ, ಹ್ಯಾಂಡಲ್ ಹಗುರ ಇರಬೇಕು. ಆಮೇಲೆ ಒಂದು ತುಂಡು ತಂತಿಯಿಂದ ಎರಡೂ ಟರ್ಮಿನಲ್ ಕೂಡಿಸಿ, ಕೈ ದೂರ ಇಟ್ಟು ಒಂದೆರಡು ಸುತ್ತು ತಿರುಗಿಸಿ. ಹ್ಯಾಂಡಲ್ ಭಾರವಾದಂತೆ ಅನ್ನಿಸಿದರೆ ಮ್ಯಾಗ್ನೆಟೊ ಕರೆಂಟ್ ಕೊಡುತ್ತಿದೆ. ಏನೂ ಜೋಡಿಸದೆಯೇ ಭಾರ ಇದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಗ್ರೀಸ್ ಗಟ್ಟಿಯಾಗಿದೆ. ಕೂಡಿಸಿದರೂ ಹಗುರವೇ ಇದ್ದರೆ ಸುರುಳಿ ಕಡಿದಿರಬಹುದು, ಸ್ಪ್ರಿಂಗ್ ಪಟ್ಟಿ ಕೂಡದೇ ಇರಬಹುದು, ಅಥವಾ ಆಯಸ್ಕಾಂತ ಸೋತಿರಬಹುದು.

ನಂತರ ನಿಯಾನ್ ಇಂಡಿಕೇಟರನ್ನು ಟರ್ಮಿನಲ್‌ಗಳಿಗೆ ಜೋಡಿಸಿ ತಿರುಗಿಸಿ. ಕಿತ್ತಳೆ ಬಣ್ಣದಲ್ಲಿ ಮಿನುಗಿದರೆ ಗಂಟೆ ಬಾರಿಸುವಷ್ಟು ವೋಲ್ಟ್ ಇದೆ. ಮೀಟರಿನ ಎಸಿ ವೋಲ್ಟ್‌ನಲ್ಲೂ ನೋಡಬಹುದು. ಆದರೆ ಇದು ಸೆಕೆಂಡಿಗೆ ಹದಿನಾರು, ಇಪ್ಪತ್ತು ಆವರ್ತದ ನಿಧಾನ ಎಸಿ ಆಗಿರುವುದರಿಂದ ಅಗ್ಗದ ಮೀಟರುಗಳಲ್ಲಿ ಅಂಕಿ ನಿಲ್ಲುವುದಿಲ್ಲ.

ಟರ್ಮಿನಲ್‌ಗಳನ್ನು ಯಾರ ಕೈಗೂ ತಮಾಷೆಗೆ ಕೊಡಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಇದು ನಿಜವಾದ ಅಪಾಯ. ಅಷ್ಟೇ ಅಲ್ಲ, 1954ರಿಂದ 62ರವರೆಗೆ ನಡೆದ ಆಲ್ಜೀರಿಯಾ ಯುದ್ಧದಲ್ಲಿ ಫ್ರೆಂಚ್ ಸೈನಿಕರು ಇಂಥದ್ದೇ ಕೈ ಜನರೇಟರ್‌ನಿಂದ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟಿದ್ದಾರೆ. ನಾವು ಕೂಡಿಡುತ್ತಿರುವ ವಸ್ತುವಿಗೆ ಆ ಚರಿತ್ರೆಯೂ ಅಂಟಿಕೊಂಡಿದೆ. ಶಾಕ್ ಕೊಟ್ಟು ನಗುವ ಆಟಕ್ಕೆ ಅದನ್ನು ಬಳಸುವುದು ನನಗಂತೂ ಸಹಿಸಲಾಗದು.

ಹಂತ 6: ಸೆಲ್ ಹಾಕಿ ಮೈಕ್ ಎಬ್ಬಿಸುವುದು

ಇಇ-8ಕ್ಕೆ ಎರಡು ದಪ್ಪ ಟಾರ್ಚ್ ಸೆಲ್ ಸಾಕು, ಒಟ್ಟು 3 ವೋಲ್ಟ್. ಎಫ್‌ಎಫ್ 33ಗೆ 1.5 ವೋಲ್ಟಿನ ಒಂದೇ ಸೆಲ್. ಅದರ ಮೂಲ ಸೆಲ್ ದೊಡ್ಡದು, ಈಗ ಸಿಗುವುದಿಲ್ಲ. ದಪ್ಪ ಟಾರ್ಚ್ ಸೆಲ್ಲನ್ನು ಹೋಲ್ಡರಿನಲ್ಲಿ ಕೂರಿಸಿ ತಂತಿ ಎಳೆದರೆ ನಡೆಯುತ್ತದೆ. ಪೆಟ್ಟಿಗೆಗೆ ತೂತು ಕೊರೆಯಬೇಡಿ. ಟಿಎ-57 ಮಾತ್ರ 10 ವೋಲ್ಟಿನ ಬ್ಯಾಟರಿ ಕೇಳುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಬಹುದು. ದನಿ ಸಣ್ಣದಿದೆ ಅಂತ ಹೆಚ್ಚು ವೋಲ್ಟ್ ಕೊಟ್ಟರೆ ಮೈಕಿನ ಹರಳು ಸುಟ್ಟು ಅಂಟಿಕೊಳ್ಳುತ್ತವೆ.

ಇಇ-8ರಲ್ಲಿ 'ಎಲ್‌ಬಿ' ಮತ್ತು 'ಸಿಬಿ' ಎಂಬ ಎರಡು ಸ್ಥಾನಗಳಿವೆ. ಎಲ್‌ಬಿ ಎಂದರೆ ಮೇಲೆ ಹೇಳಿದ ಲೋಕಲ್ ಬ್ಯಾಟರಿ, ಸಿಬಿ ಎಂದರೆ ಎಕ್ಸ್‌ಚೇಂಜಿನ ಬ್ಯಾಟರಿ. ಎಲ್‌ಬಿಯಲ್ಲಿ ಇಡಿ. ಫೋನ್ ಸತ್ತಿದೆ ಎಂದು ಮಾರಿದವರ ಫೋನ್ ಸಿಬಿಯಲ್ಲಿತ್ತು ಅಷ್ಟೇ, ಎನ್ನುವಂಥ ಪ್ರಸಂಗಗಳಿವೆ.

ದಶಕಗಳ ಕಾಲ ಒಂದೇ ಮಗ್ಗುಲಲ್ಲಿ ಬಿದ್ದಿದ್ದ ಮೈಕಿನಲ್ಲಿ ಹರಳುಗಳು ಗಂಟು ಕಟ್ಟಿರುತ್ತವೆ. ಹ್ಯಾಂಡ್‌ಸೆಟ್ ಅನ್ನು ಅಡ್ಡ ಹಿಡಿದು, ಸುತ್ತ ತಿರುಗಿಸುತ್ತಾ ಅಂಗೈಗೆ ಮೆಲ್ಲಗೆ ತಟ್ಟಿ. ಮೇಜಿಗೆ ಕುಟ್ಟಬೇಡಿ. ಆಮೇಲೆ ಗುಂಡಿ ಒತ್ತಿ ಮೈಕಿಗೆ ಊದಿ. ನಿಮ್ಮದೇ ರಿಸೀವರಿನಲ್ಲಿ ಸಣ್ಣಗೆ 'ಸುಯ್' ಕೇಳಿಸಿದರೆ ಮೈಕ್ ಎದ್ದಿದೆ. ಕ್ಯಾಪ್ಸೂಲ್ ಒಡೆದು ಒಳಗೆ ನೋಡುವ ಆಸೆ ಬೇಡ. ಹರಳು ಚೆಲ್ಲಿದರೆ ಮತ್ತೆ ತುಂಬಿಸಲು ಆಗುವುದಿಲ್ಲ.

ಹಂತ 7: ಎರಡು ಫೋನ್ ಜೋಡಿಸಿ ಮಾತಾಡಿ

ಎರಡು ಎಳೆಯ ಸಾಧಾರಣ ವೈರ್ ಸಾಕು. ಈ ಫೋನಿನ ಎರಡು ಟರ್ಮಿನಲ್‌ನಿಂದ ಆ ಫೋನಿನ ಎರಡು ಟರ್ಮಿನಲ್‌ಗೆ. ಯಾವುದು ಯಾವುದಕ್ಕೆ ಅನ್ನುವುದು ಲೆಕ್ಕಕ್ಕಿಲ್ಲ. ಎರಡೂ ಒಂದೇ ದೇಶದ್ದಾಗಬೇಕಿಲ್ಲ. ಇಇ-8 ಮತ್ತು ಎಫ್‌ಎಫ್ 33, ಯುದ್ಧದಲ್ಲಿ ಎದುರು ಬದುರು ನಿಂತಿದ್ದ ಫೋನುಗಳು, ಒಂದೇ ತಂತಿಯಲ್ಲಿ ಚೆನ್ನಾಗಿ ಮಾತಾಡುತ್ತವೆ. ತತ್ವ ಒಂದೇ ಅಲ್ವಾ. ಇಇ-8 ಸೇನೆಯ ತಂತಿಯಲ್ಲಿ, ತೇವ ಇದೆಯೋ ಒಣಗಿದೆಯೋ ನೋಡಿಕೊಂಡು, 18ರಿಂದ 27 ಕಿಲೋಮೀಟರ್ ಮುಟ್ಟುತ್ತಿತ್ತು. ಹಾಗಾಗಿ ಮನೆಯಿಂದ ತೋಟದ ಶೆಡ್ಡಿಗೆ ಏನೂ ಕಷ್ಟವಿಲ್ಲ.

ಎರಡು ಎಚ್ಚರಿಕೆ. ಮನೆಯ ಲ್ಯಾಂಡ್‌ಲೈನಿಗೆ ಇದನ್ನು ಯಾವತ್ತೂ ಜೋಡಿಸಬೇಡಿ. ಹ್ಯಾಂಡಲ್ ಒಂದು ಸುತ್ತು ತಿರುಗಿದರೂ ಮಾಡೆಮ್ಮಿಗೋ ಎಕ್ಸ್‌ಚೇಂಜಿನ ಸರ್ಕ್ಯೂಟ್ ಕಾರ್ಡಿಗೋ ಪೆಟ್ಟು ಬೀಳುತ್ತದೆ. ಎರಡನೆಯದು ಗುಡುಗು. ತೋಟಕ್ಕೆ ತಂತಿ ಎಳೆದಿದ್ದರೆ, ಮುಂಗಾರಿನ ಮೊದಲು ಮಿಂಚು ಗುಡುಗಿನ ದಿನಗಳಲ್ಲಿ ಎರಡೂ ಕಡೆ ತಂತಿ ಬಿಚ್ಚಿಡಿ. ಕರೆಂಟ್ ಕಂಬಕ್ಕೆ ಕಟ್ಟಬೇಡಿ, ರಸ್ತೆ ದಾಟಿಸಬೇಡಿ.

ಹಂತ 8: ಶುಚಿ ಮತ್ತು ಜೋಪಾನ

ಬೇಕಲೈಟ್‌ಗೆ ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಥಿನ್ನರ್, ಸ್ಪಿರಿಟ್ ಬೇಡ. ಉಜ್ಜುವುದು, ಕೊರೆಯುವುದು ಬೇಡವೇ ಬೇಡ. ಆ ಕಾಲದ ಕೆಲವು ಬೇಕಲೈಟ್‌ನಲ್ಲಿ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು, ಹಳೆಯ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಎರಡರ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚರ್ಮದ ಚೀಲಕ್ಕೆ ಶೂ ಪಾಲಿಶ್ ಹಚ್ಚಬೇಡಿ, ಹೊಲಿಗೆಯ ಪಕ್ಕದ ಮುದ್ರೆಗಳು ಮುಚ್ಚಿಹೋಗುತ್ತವೆ. ಬೂಷ್ಟು ಇದ್ದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಒಣ ಬ್ರಶ್‌ನಿಂದ ತೆಗೆಯಿರಿ. ಬಿಸಿಲಿಗಿಟ್ಟರೆ ಚರ್ಮ ಬಿರುಕು ಬಿಡುತ್ತದೆ.

ಮಲೆನಾಡು, ಕರಾವಳಿಯವರು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಸುತ್ತಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇಟ್ಟು, ನೆಲದಿಂದ ಎತ್ತರದಲ್ಲಿಡಿ. ಸೆಲ್ ತೆಗೆದಿಡುವುದು ಮರೆಯಬೇಡಿ. ಹ್ಯಾಂಡ್‌ಸೆಟ್ ಕಾರ್ಡನ್ನು ಬಿಗಿಯಾಗಿ ಸುತ್ತಬೇಡಿ.

ಕಾನೂನು, ಮತ್ತು ಕೇಳುವ ಬಗೆ

ಇದು ತಂತಿಯ ಸಾಧನ, ರೇಡಿಯೊ ಅಲ್ಲ. ಜೊತೆಗೆ ಮಿಲಿಟರಿ ರೇಡಿಯೊ ಸೆಟ್ ಸಿಕ್ಕರೆ ಅದರ ವಿಷಯ ಬೇರೆ, ಅದಕ್ಕೆ ಪರವಾನಗಿ ಪ್ರಶ್ನೆ ಬರುತ್ತದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಅನುಮತಿಯಿಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಫೋನುಗಳು ಈಗ ಆ ಗೆರೆ ದಾಟಿವೆ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಕಳಿಸುವ ಮೊದಲು ಇದನ್ನು ಗಮನಿಸಿ.

ನಿಜವಾದ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಜಬಲ್ಪುರದಲ್ಲಿ ನಮ್ಮ ಸೇನೆಯ ಸಿಗ್ನಲ್ಸ್ ದಳದ ಮ್ಯೂಸಿಯಂ ಇದೆ. ಸೇನಾ ಪ್ರದೇಶವಾದ್ದರಿಂದ ಮೊದಲೇ ವಿಚಾರಿಸಿ ಹೋಗಿ. ಇಂಗ್ಲೆಂಡಿನಲ್ಲಿರುವವರು ಡಾರ್ಸೆಟ್‌ನ ಬ್ಲಾಂಡ್‌ಫರ್ಡಿನಲ್ಲಿರುವ ರಾಯಲ್ ಸಿಗ್ನಲ್ಸ್ ಮ್ಯೂಸಿಯಂಗೆ ಹೋಗಬಹುದು.

ಇಷ್ಟಾದ ಮೇಲೂ ಗುರುತು ಹತ್ತದಿದ್ದರೆ ತಿಳಿದವರನ್ನು ಕೇಳಿ, ಆದರೆ ಮುಂಭಾಗದ ಒಂದೇ ಫೋಟೊ ಕಳಿಸಿ "ಇದು ಏನು?" ಎನ್ನಬೇಡಿ. ಮುಚ್ಚಳದ ಒಳಮೈ, ಲೋಹದ ಪಟ್ಟಿ, ಸೆಲ್ ಗೂಡು, ಟರ್ಮಿನಲ್‌ಗಳ ಪಕ್ಕದ ಅಕ್ಷರ, ಬಿಚ್ಚಿದ ಹ್ಯಾಂಡ್‌ಸೆಟ್‌ನ ಎರಡೂ ಕ್ಯಾಪ್ಸೂಲ್‌ಗಳ ಹಿಂಭಾಗ, ಮ್ಯಾಗ್ನೆಟೊ ಮೇಲಿನ ಮುದ್ರೆ, ಇವಿಷ್ಟರ ಫೋಟೊ ಓರೆ ಬೆಳಕಿನಲ್ಲಿ ತೆಗೆದು ಕಳಿಸಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ನಾಲ್ಕನೇ ಹಂತದಲ್ಲಿ ಬರೆದುಕೊಂಡ ಓಮ್ ಅಳತೆಗಳನ್ನೂ ಸೇರಿಸಿ.